ಎರಡೂ ಕೈ ಬರುತ್ತದೆ, ಹಾಗಾದರೆ ಎಸೆಯಲು ಯಾವ ಕೈ?

*ಆರೋಗ್ಯ ಮಾಲಿಕೆ: ಊರು ಬಿಟ್ಟು ಬಂದ ಕನ್ನಡ ಕುಟುಂಬಗಳಿಗಾಗಿ*
*ಬರೆದವರು: ಹೃದ್ರೋಗ ತಜ್ಞರು, ಎಂ.ಡಿ., ಪವಾಯಿ, ಮುಂಬಯಿ*



ಈ ಸಲದ ಪ್ರಶ್ನೆ ಇಲ್ಲೇ ಪವಾಯಿಯ ಓದುಗರೊಬ್ಬರದು. ಅವರು ಬರೆದದ್ದು ಹೀಗೆ: "ಡಾಕ್ಟ್ರೇ, ಮಗನಿಗೆ 11 ವರ್ಷ. ಬರೆಯುವುದು ಬಲಗೈ, ಹಲ್ಲುಜ್ಜುವುದು ಎಡಗೈ. ರಜೆಗೆ ಅಮೆರಿಕದಿಂದ ಬಂದಿದ್ದ ಅಣ್ಣನ ಮಕ್ಕಳು ಡಿಸ್ಕ್ ಗಾಲ್ಫ್ ಕಲಿಸಿ ಹೋಗಿದ್ದಾರೆ. ಎರಡು ಕೈಯಲ್ಲೂ ಚೆನ್ನಾಗಿ ಎಸೆಯುತ್ತಾನೆ. ಅಜ್ಜಿ ಬಲಗೈಯೇ ಇರಲಿ ಅಂತಾರೆ, ನನಗೆ ಎಡಗೈ ಲಾಭ ಅನ್ನಿಸುತ್ತದೆ. ಯಾವ ಕೈ ಗಟ್ಟಿ ಮಾಡಿಸಬೇಕು? ಇನ್ನೊಂದು ಮಾತು. ಅವನ ಜೊತೆ ನಾನೂ ನಾಲ್ಕು ಭಾನುವಾರ ಎಸೆದೆ. ಈಗ ಎಡತೋಳು ನೋಯುತ್ತಿದೆ. ಇದು ಹಾರ್ಟಿನದಲ್ಲ ತಾನೆ?"

ಒಂದೇ ಸಂದೇಶದಲ್ಲಿ ಎರಡು ಪ್ರಶ್ನೆ. ಎರಡಕ್ಕೂ ಉತ್ತರ ಕೊಡುತ್ತೇನೆ. ಮೊದಲನೆಯದು ಮಕ್ಕಳಿರುವ ಮನೆಗೆ, ಎರಡನೆಯದು ನಲವತ್ತು ದಾಟಿದ ಎಲ್ಲರಿಗೂ. ನಿಮ್ಮ ಮನೆಯಲ್ಲಿ ಡಿಸ್ಕ್ ಇಲ್ಲದಿದ್ದರೂ ಓದಿ. ಕ್ರಿಕೆಟ್ ಚೆಂಡಿಗೂ ಬ್ಯಾಡ್ಮಿಂಟನ್ ರಾಕೆಟ್ಟಿಗೂ ಇದೇ ಮಾತು ಅನ್ವಯಿಸುತ್ತದೆ.

*ಚುಟುಕಾಗಿ ಹೇಳುವುದಾದರೆ*

✅ ಮಗುವಿಗೆ ಎರಡೂ ಕೈ ಬಂದರೆ ಅದು ದೋಷವಲ್ಲ. ಒತ್ತಾಯ ಬೇಡ, ಎರಡು ವಾರ ಅಳೆದು ನೋಡಿ ಆರಿಸಿ.
✅ ದೂರದ ಎಸೆತಕ್ಕೆ ಒಂದು ಕೈ ಮುಖ್ಯವಾಗಲಿ, ಇನ್ನೊಂದು ಸಹಾಯಕ್ಕಿರಲಿ.
✅ ಎರಡು ಕೈ ಇದೆ ಎಂದು ಎರಡು ಪಟ್ಟು ಎಸೆಯುವ ಹಾಗಿಲ್ಲ.
✅ ದೊಡ್ಡವರ ತೋಳುನೋವನ್ನು "ಎಸೆದದ್ದರಿಂದ ಇರಬೇಕು" ಎಂದು ತಾವೇ ತೀರ್ಮಾನಿಸಬಾರದು.

*1. ಏನಿದು ಡಿಸ್ಕ್ ಗಾಲ್ಫ್?*

ನಾವೆಲ್ಲ ಫ್ರಿಸ್ಬೀ ಎನ್ನುವ ತಟ್ಟೆಯ ಅಣ್ಣತಮ್ಮ ಇದು. ಗಾಲ್ಫಿನಲ್ಲಿ ಚೆಂಡನ್ನು ಗುಳಿಗೆ ಹಾಕುವಂತೆ ಇಲ್ಲಿ ತಟ್ಟೆಯನ್ನು ಸರಪಳಿ ತೂಗಿಬಿಟ್ಟ ಬುಟ್ಟಿಗೆ ಹಾಕಬೇಕು. ಯಾರು ಕಡಿಮೆ ಎಸೆತದಲ್ಲಿ ಮುಗಿಸುತ್ತಾರೋ ಅವರು ಗೆದ್ದರು. ಅಮೆರಿಕದಲ್ಲಿ ಎಡ್ ಹೆಡ್ರಿಕ್ ಎಂಬಾತ 1970ರ ದಶಕದಲ್ಲಿ ಇದಕ್ಕೆ ಈಗಿನ ರೂಪ ಕೊಟ್ಟರು. ಅಲ್ಲಿನ ಸಾವಿರಾರು ಉದ್ಯಾನಗಳಲ್ಲಿ ಬುಟ್ಟಿಗಳಿವೆ. ಮಗ ಸೊಸೆಯ ಮನೆಗೆಂದು ಹೋದ ನಮ್ಮ ಹಿರಿಯರು ಬೆಳಗಿನ ವಾಕಿಂಗಿನಲ್ಲಿ ಇವನ್ನು ಖಂಡಿತ ನೋಡಿರುತ್ತಾರೆ. ಇಲ್ಲಿ ನಮ್ಮ ಸೊಸೈಟಿಯ ಮಕ್ಕಳಿಗೆ ಬುಟ್ಟಿಯ ಬದಲು ಪ್ಲಾಸ್ಟಿಕ್ ಬಕೆಟ್ ಸಾಕು.

ಹೃದಯದ ವೈದ್ಯರಿಗೆ ಈ ಆಟ ಇಷ್ಟವಾಗುವುದಕ್ಕೆ ಕಾರಣ ಎಸೆತವಲ್ಲ, ನಡಿಗೆ. 18 ಬುಟ್ಟಿ ಮುಗಿಸುವ ಹೊತ್ತಿಗೆ ಗೊತ್ತಾಗದಂತೆ ಕೆಲವು ಕಿಲೋಮೀಟರ್ ನಡೆದಿರುತ್ತೀರಿ. ಬೆಳಗಿನಿಂದ ಸಂಜೆಯವರೆಗೆ ಕಂಪ್ಯೂಟರ್ ಮುಂದೆ, ಹೋಟೆಲಿನ ಗಲ್ಲಾದಲ್ಲಿ ಕೂತವರಿಗೆ ಇದಕ್ಕಿಂತ ಏನು ಬೇಕು?

*2. ಸವ್ಯಸಾಚಿ ಯಾರು, ಯಾರಲ್ಲ?*

ಅರ್ಜುನನಿಗೆ ಸವ್ಯಸಾಚಿ ಎಂಬ ಹೆಸರಿದೆ. ಸವ್ಯ ಎಂದರೆ ಎಡ. ಎಡಗೈಯಿಂದಲೂ ಬಾಣ ಬಿಡಬಲ್ಲವನು ಎಂದು ಅರ್ಥ. ಗಾಂಧೀಜಿ 1909ರಲ್ಲಿ ಇಂಗ್ಲೆಂಡಿನಿಂದ ದಕ್ಷಿಣ ಆಫ್ರಿಕಾಕ್ಕೆ ಹಡಗಿನಲ್ಲಿ ಮರಳುವಾಗ 'ಹಿಂದ್ ಸ್ವರಾಜ್' ಬರೆದರು. ಬಲಗೈ ಸೋತಾಗ ಎಡಗೈಗೆ ಲೇಖನಿ ಬದಲಿಸಿ ಸುಮಾರು 40 ಪುಟ ಎಡಗೈಯಲ್ಲೇ ಬರೆದರು. ಅಂದರೆ ಎರಡೂ ಕೈ ಬರುವುದನ್ನು ನಮ್ಮವರು ಯಾವತ್ತೂ ಹೆಮ್ಮೆಯಿಂದಲೇ ನೋಡಿದ್ದಾರೆ. ಅದೇ ಮನೆಯಲ್ಲಿ ಮಗು ಎಡಗೈ ಮುಂದೆ ಮಾಡಿದರೆ ಮಾತ್ರ ಗದರುತ್ತೇವೆ!

ನೂರು ಜನರಲ್ಲಿ ಸುಮಾರು ಹತ್ತು ಮಂದಿ ಎಡಚರು. ಎರಡೂ ಕೈಯಲ್ಲಿ ಎಲ್ಲವನ್ನೂ ಸಮನಾಗಿ ಮಾಡುವವರು ನೂರಕ್ಕೆ ಒಬ್ಬರು ಸಿಕ್ಕರೆ ಹೆಚ್ಚು. ನಾವು "ಎರಡೂ ಕೈ ಬರುತ್ತದೆ" ಎನ್ನುವ ಹೆಚ್ಚಿನ ಮಕ್ಕಳು ನಿಜವಾಗಿ ಮಿಶ್ರ ಕೈಯವರು. ಅಂದರೆ ಒಂದು ಕೆಲಸಕ್ಕೆ ಒಂದು ಕೈ, ಇನ್ನೊಂದಕ್ಕೆ ಇನ್ನೊಂದು ಕೈ.

ಉದಾಹರಣೆ ದೂರ ಹುಡುಕಬೇಕಾಗಿಲ್ಲ. ನಮ್ಮ ಮುಂಬಯಿಯ ಸಚಿನ್ ತೆಂಡುಲ್ಕರ್ ಬ್ಯಾಟು, ಬೌಲಿಂಗು ಎಲ್ಲ ಬಲಗೈ, ಆದರೆ ಬರೆಯುವುದು ಎಡಗೈ. ಮುಂಬಯಿಯಲ್ಲಿ ಹುಟ್ಟಿ ಸಾಂಗ್ಲಿಯಲ್ಲಿ ಬೆಳೆದ ಸ್ಮೃತಿ ಮಂಧಾನ ಹುಟ್ಟಿನಿಂದ ಬಲಗೈಯವರು, ಬ್ಯಾಟ್ ಹಿಡಿಯುವುದು ಮಾತ್ರ ಎಡಗೈ ಆಟಗಾರರಂತೆ. ಟೆನಿಸ್ಸಿನ ರಫೆಲ್ ನಡಾಲ್ ಬರೆಯುವುದು ಬಲಗೈಯಲ್ಲಿ, ಆಡಿದ್ದು ಎಡಗೈಯಲ್ಲಿ. ಬರೆಯುವ ಕೈಯೇ ಎಸೆಯುವ ಕೈ ಆಗಬೇಕೆಂಬ ನಿಯಮವಿಲ್ಲ ಎಂಬುದಕ್ಕೆ ಈ ಮೂವರು ಸಾಕು.

ನಿಮ್ಮ ಮಗು ಯಾವ ಗುಂಪಿನದು ಎಂದು ತಿಳಿಯಲು ಮನೆಯಲ್ಲೇ ಗಮನಿಸಿ: ಬರೆಯುವುದು, ಚಿತ್ರ ಬಿಡಿಸುವುದು, ಎಸೆಯುವುದು, ಕತ್ತರಿ, ಹಲ್ಲುಜ್ಜುವ ಬ್ರಷ್, ಚಾಕು, ಚಮಚ, ಪೊರಕೆ ಹಿಡಿದಾಗ ಮೇಲಿರುವ ಕೈ, ಬೆಂಕಿಕಡ್ಡಿ ಗೀರುವ ಕೈ (ಇದನ್ನು ದೊಡ್ಡವರು ಮಾತ್ರ), ಡಬ್ಬಿಯ ಮುಚ್ಚಳ ತೆಗೆಯುವ ಕೈ. 1971ರಿಂದ ಸಂಶೋಧಕರು ಬಳಸುತ್ತಿರುವ ಎಡಿನ್‌ಬರೋ ಪಟ್ಟಿಯಲ್ಲಿರುವುದೂ ಇಂಥ ಹತ್ತು ಪ್ರಶ್ನೆಗಳೇ. ಹೇಳಿ ಮಾಡಿಸಬೇಡಿ. ಹೇಳಿದರೆ ಮಗು ನಿಮಗೆ ಖುಷಿಯಾಗುವ ಕೈಯನ್ನೇ ಮುಂದೆ ಮಾಡುತ್ತದೆ.

⚠️ *ಒಂದು ಎಚ್ಚರಿಕೆ:* ಕೈಯ ಒಲವು ಸಾಮಾನ್ಯವಾಗಿ 2ರಿಂದ 4 ವರ್ಷದೊಳಗೆ ಕಾಣಿಸಿಕೊಂಡು ಶಾಲೆಗೆ ಹೋಗುವ ಹೊತ್ತಿಗೆ ಗಟ್ಟಿಯಾಗುತ್ತದೆ. ಆದರೆ ಒಂದು ವರ್ಷವೂ ತುಂಬದ ಕೂಸು ಸದಾ ಒಂದೇ ಕೈ ಚಾಚುತ್ತಿದ್ದರೆ, ಇನ್ನೊಂದು ಕೈ ಮುಷ್ಟಿ ಕಟ್ಟಿಯೇ ಇದ್ದರೆ, "ನಮ್ಮ ಪಾಪು ಎಡಚ" ಎಂದು ಸುಮ್ಮನಾಗಬೇಡಿ. ಇನ್ನೊಂದು ಬದಿಯಲ್ಲಿ ಬಲ ಕಡಿಮೆ ಇರಬಹುದು. ಮಕ್ಕಳ ತಜ್ಞರಿಗೆ ತೋರಿಸಿ. ಹಾಗೆಯೇ ದೊಡ್ಡ ಮಗುವಾಗಲಿ ಹಿರಿಯರಾಗಲಿ ಇದ್ದಕ್ಕಿದ್ದಂತೆ ಕೈ ಬದಲಿಸಿದರೆ, ಅದೂ ಬಲ ಕುಂದಿ ಬದಲಿಸಿದರೆ, ಅದು ಅಭ್ಯಾಸವಲ್ಲ, ಲಕ್ಷಣ. ತಡಮಾಡದೆ ತೋರಿಸಬೇಕು.

*3. ಅಜ್ಜಿಯ ಮಾತು ಮತ್ತು ಎಡಗೈಯ ಭಯ*

ಅಜ್ಜಿಯ ಜೊತೆ ಜಗಳ ಬೇಡ. ಪ್ರಸಾದ ತೆಗೆದುಕೊಳ್ಳಲು, ಪಂಕ್ತಿಯಲ್ಲಿ ಉಣ್ಣಲು ಬಲಗೈ ಬಳಸುವುದು ಮನೆಯ ರೀತಿ, ಮಗುವಿಗೆ ಕಷ್ಟವಾಗದಿದ್ದರೆ ನಡೆಯಲಿ. ಆದರೆ ಆಟಕ್ಕೂ ಬರವಣಿಗೆಗೂ ಆ ರೀತಿಯನ್ನು ಎಳೆಯಬೇಡಿ. ಅಜ್ಜಿಗೆ ಹೀಗೆ ಕೇಳಿ ನೋಡಿ: ನೀವು ಲಗೋರಿ ಆಡುವಾಗ, ಮಾವಿನಮರಕ್ಕೆ ಕಲ್ಲು ಬೀರುವಾಗ ಯಾವ ಕೈ ಎಂದು ಯಾರಾದರೂ ಕೇಳಿದ್ದರೇ? ಗುರಿ ತಗುಲಿತೇ ಎಂದಷ್ಟೇ ಕೇಳುತ್ತಿದ್ದರು.

"ಹೃದಯ ಎಡಕ್ಕಿದೆ, ಎಡಗೈಯಲ್ಲಿ ಜೋರಾಗಿ ಎಸೆದರೆ ಹೃದಯಕ್ಕೆ ಪೆಟ್ಟು" ಎಂಬ ಮಾತನ್ನು ನನ್ನ ಬಳಿ ಬರುವವರಿಂದಲೂ ಕೇಳಿದ್ದೇನೆ. ಇದು ಸುಳ್ಳು. ಹೃದಯ ಇರುವುದು ಎದೆಯ ನಡುವೆ, ಸ್ವಲ್ಪ ಎಡಕ್ಕೆ ವಾಲಿಕೊಂಡು. ನೀವು ಯಾವ ಕೈ ಬೀಸಿದರೂ ಅದರ ಕೆಲಸ ಒಂದೇ, ಇಡೀ ದೇಹಕ್ಕೆ ರಕ್ತ ಕಳಿಸುವುದು.

"ಎಡಚರಿಗೆ ಆಯಸ್ಸು ಕಡಿಮೆ" ಎಂಬ ಇನ್ನೊಂದು ಮಾತೂ ಓಡಾಡುತ್ತದೆ. ಅದರ ಮೂಲ 1991ರಲ್ಲಿ ಅಮೆರಿಕದ ದೊಡ್ಡ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಪತ್ರ. ಮೃತರ ಲೆಕ್ಕ ಹಾಕಿ ಎಡಚರು ಸರಾಸರಿ 9 ವರ್ಷ ಮೊದಲೇ ಸಾಯುತ್ತಾರೆ ಎಂದು ಅದರಲ್ಲಿತ್ತು. ಆ ಲೆಕ್ಕದಲ್ಲಿ ಒಂದು ದೊಡ್ಡ ತೊಡಕಿತ್ತು. ಹಿಂದಿನ ತಲೆಮಾರಿನ ಎಡಚರನ್ನು ಚಿಕ್ಕಂದಿನಲ್ಲೇ ಹೊಡೆದು ಬಡಿದು ಬಲಗೈಯವರನ್ನಾಗಿ ಮಾಡಿದ್ದರು. ಹೀಗಾಗಿ ಮುದುಕರ ಪಟ್ಟಿಯಲ್ಲಿ ಎಡಚರೇ ಕಡಿಮೆ, ಪಟ್ಟಿಯಲ್ಲಿದ್ದ ಎಡಚರೆಲ್ಲ ಕಿರಿಯರು. ಅವರ ಸಾವಿನ ಸರಾಸರಿ ವಯಸ್ಸು ಕಡಿಮೆ ಕಾಣದೆ ಇನ್ನೇನು? ಮುಂದೆ ಬಂದ ಅಧ್ಯಯನಗಳು ಆ ವ್ಯತ್ಯಾಸವನ್ನು ಒಪ್ಪಲಿಲ್ಲ. ಆ ಸಂದೇಶ ಮತ್ತೆ ಬಂದರೆ ಮುಂದೆ ಕಳಿಸಬೇಡಿ.

*4. ಎರಡೂ ಕೈಯಲ್ಲಿ ಎಸೆದರೆ ಲಾಭ ಏನು?*

ಡಿಸ್ಕ್ ಹಾರುವಾಗ ತಿರುಗುತ್ತದೆ. ಬಲಗೈಯಲ್ಲಿ ಹಿಂಗೈ ಎಸೆತ ಎಸೆದರೆ (ಎದೆಯ ಮುಂದಿನಿಂದ ಹೊರಕ್ಕೆ ಬೀಸುವುದು) ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ವೇಗ ಇಳಿದಾಗ ಎಡಕ್ಕೆ ವಾಲಿ ಬೀಳುತ್ತದೆ. ಎಡಗೈಯಲ್ಲಿ ಅದೇ ಎಸೆತ ಮಾಡಿದರೆ ಕನ್ನಡಿಯ ಬಿಂಬದಂತೆ ಎಲ್ಲವೂ ಉಲ್ಟಾ, ಕೊನೆಗೆ ಬಲಕ್ಕೆ ವಾಲುತ್ತದೆ.

ಒಂದೇ ಕೈಯವರು ಬಲಕ್ಕೆ ವಾಲಿಸಬೇಕಾದರೆ ಮುಂಗೈ ಎಸೆತ (ಪಕ್ಕದಿಂದ ಕವಣೆಯಂತೆ ಚಿಮ್ಮುವುದು) ಕಲಿಯಬೇಕು. ಅದು ಮೊಣಕೈಯ ಒಳಬದಿಗೆ ಹೆಚ್ಚು ಭಾರ. ಎರಡೂ ಕೈ ಬರುವವರಿಗೆ ಆ ಕಷ್ಟವಿಲ್ಲ. ಮರದ ಎಡಕ್ಕೆ ಒಂದು ಕೈ, ಬಲಕ್ಕೆ ಇನ್ನೊಂದು ಕೈ.

ಕ್ರಿಕೆಟ್ಟಿನಲ್ಲೂ ಇದೇ ಲೆಕ್ಕ. ಶ್ರೀಲಂಕಾದ ಕಮಿಂದು ಮೆಂಡಿಸ್ 2016ರ 19 ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ಎರಡೂ ಕೈಯಲ್ಲಿ ಸ್ಪಿನ್ ಹಾಕಿ ಗಮನ ಸೆಳೆದರು. ವಿದರ್ಭದ ಅಕ್ಷಯ್ ಕರ್ಣೇವಾರ್ 2017ರಲ್ಲಿ ಚೆನ್ನೈಯಲ್ಲಿ ಆಸ್ಟ್ರೇಲಿಯ ವಿರುದ್ಧದ ಅಭ್ಯಾಸ ಪಂದ್ಯದಲ್ಲಿ ಕೈ ಬದಲಿಸಿ ಬದಲಿಸಿ ಬೌಲ್ ಮಾಡಿದರು. ಆದರೆ ಇವರಂಥವರು ಬೆರಳೆಣಿಕೆಯಷ್ಟು ಮಂದಿ ಮಾತ್ರ. ಕಾರಣ ಸರಳ. ಎರಡು ಕೈ ಕಲಿಸುವುದೆಂದರೆ ಒಂದೇ ಪಾಠವನ್ನು ಎರಡು ಸಲ ಕಲಿಸುವುದು. ಕೈಯಷ್ಟೇ ಅಲ್ಲ, ಊರುವ ಕಾಲು, ತಿರುಗುವ ಸೊಂಟ, ನೋಡುವ ಕಣ್ಣು ಎಲ್ಲವೂ ಬದಲಾಗಬೇಕು. ವಾರಕ್ಕೆ ಮೂರು ಗಂಟೆ ಆಡುವ ಮಗುವಿಗೆ ಅಷ್ಟು ಸಮಯ ಎಲ್ಲಿದೆ? ಆದ್ದರಿಂದ ಒಂದು ಕೈ ಮುಖ್ಯ, ಒಂದು ಸಹಾಯಕ ಎಂಬ ದಾರಿಯೇ ಒಳ್ಳೆಯದು.

*5. ಎರಡು ವಾರದ ಪರೀಕ್ಷೆ*

ನೋಟ್‌ಬುಕ್, ಬಕೆಟ್, ಅಳತೆ ಟೇಪು ಇದ್ದರೆ ಸಾಕು. ಮಗುವಿಗೆ 150 ಗ್ರಾಂ ಅಥವಾ ಅದಕ್ಕಿಂತ ಹಗುರವಾದ ಡಿಸ್ಕ್ ಕೊಡಿ. ಗಾಲ್ಫಿನ ದಾಂಡಿನಂತೆ ಡಿಸ್ಕಿನಲ್ಲಿ ಎಡ ಬಲ ಎಂಬ ಬೇರೆ ಬೇರೆ ಮಾದರಿ ಇಲ್ಲ, ಖರ್ಚು ಒಂದೇ.

➡️ ಎರಡು ವಾರದಲ್ಲಿ ನಾಲ್ಕು ದಿನ ಆರಿಸಿ. ಮೊದಲು 10 ನಿಮಿಷ ಚುರುಕಾದ ನಡಿಗೆ, ಭುಜ ಸೊಂಟ ಬಿಸಿಯಾಗಲಿ.
➡️ ನಿಂತಲ್ಲಿಂದಲೇ, ಮುಕ್ಕಾಲು ಬಲದಲ್ಲಿ, ಒಂದೊಂದು ಕೈಯಲ್ಲಿ 10 ಹಿಂಗೈ ಎಸೆತ. ಒಂದು ದಿನ ಬಲಗೈ ಮೊದಲಾದರೆ ಮರುದಿನ ಎಡಗೈ ಮೊದಲಾಗಲಿ. ಇಲ್ಲದಿದ್ದರೆ ಎರಡನೆಯ ಕೈಗೆ ಸದಾ ಸುಸ್ತಾದ ದೇಹವೇ ಸಿಗುತ್ತದೆ.
➡️ ಮೊದಲ ಐದು ಎಸೆತ 5 ಮೀಟರ್ ದೂರದ ಬಕೆಟ್ಟಿಗೆ. ಎಷ್ಟು ಎಸೆತ ಒಂದು ಮೀಟರ್ ಒಳಗೆ ಬಿದ್ದವು ಎಂದು ಬರೆಯಿರಿ. ಉಳಿದ ಐದು ದೂರಕ್ಕೆ. ಸರಾಸರಿ ಬರೆಯಿರಿ.
➡️ ಮರುದಿನ ಬೆಳಗ್ಗೆ ಕೇಳಿ: ಯಾವ ಭುಜ, ಮೊಣಕೈ ನೋಯುತ್ತಿದೆ?
➡️ ಗುಟ್ಟಾಗಿ ಗಮನಿಸಿ: ನೆಲದ ಮೇಲಿನ ಡಿಸ್ಕನ್ನು ಯಾವ ಕೈ ಮೊದಲು ಎತ್ತಿಕೊಳ್ಳುತ್ತದೆ?

*ತೀರ್ಮಾನ ಹೇಗೆ?*

ಗುರಿ ಮತ್ತು ದೂರ ಎರಡರಲ್ಲೂ ಒಂದು ಕೈ ಮುಂದಿದ್ದರೆ ಅದೇ ಕೈ, ಪ್ರಶ್ನೆಯೇ ಇಲ್ಲ. ಒಂದು ಕೈ ದೂರಕ್ಕೆ, ಇನ್ನೊಂದು ಗುರಿಗೆ ಚೆನ್ನಾಗಿದ್ದರೆ ಗುರಿಯ ಕೈಯನ್ನು ಆರಿಸಿ. ದೂರ ಬೆಳೆದಂತೆ ತಾನೇ ಬರುತ್ತದೆ. ಎರಡೂ ಸಮ ಎಂದಾದರೆ ಮೂರು ವಿಷಯ ನೋಡಿ: ಹಿಂದೆ ಮುರಿದ, ಉಳುಕಿದ ಕೈ ಯಾವುದು? ಯಾವ ಕಾಲನ್ನು ಮುಂದೆ ಊರಿದಾಗ ಮಗು ಅಲುಗಾಡದೆ ನಿಲ್ಲುತ್ತದೆ (ಬಲಗೈ ಹಿಂಗೈ ಎಸೆತಕ್ಕೆ ಬಲಗಾಲು, ಎಡಗೈಗೆ ಎಡಗಾಲು)? ಕಲಿಸುವವರು ಯಾವ ಕೈಯವರು? ಆಗಲೂ ಸಮವಾದರೆ ಮಗುವನ್ನೇ ಕೇಳಿ. ಅದು ಹೇಳಿದ ಕೈಯೇ ಸರಿ.

ಆರಿಸಿದ ಮೇಲೆ ಮೂರು ತಿಂಗಳು ದೂರದ ಎಸೆತ ಮತ್ತು ಬುಟ್ಟಿಗೆ ಹಾಕುವ ಕೊನೆಯ ಎಸೆತ ಅದೇ ಕೈಯಲ್ಲಿ ನಡೆಯಲಿ. ಇನ್ನೊಂದು ಕೈಯನ್ನು ಮರದ ಸಂದಿಯಿಂದ, ಪೊದೆಯ ಬದಿಯಿಂದ ಬಿಡಿಸಿಕೊಳ್ಳುವ ಎಸೆತಕ್ಕೆ ಇಟ್ಟುಕೊಳ್ಳಲಿ. ಪಂದ್ಯ ಸೋತಾಗೆಲ್ಲ ಕೈ ಬದಲಿಸುವ ಅಭ್ಯಾಸ ಬೇಡ.

*6. ಎರಡು ಕೈ ಇದ್ದರೂ ದೇಹ ಒಂದೇ*

ಪೋಷಕರು ತಪ್ಪುವುದು ಇಲ್ಲಿ. "ಬಲಗೈ ಸುಸ್ತಾಯಿತೇ, ಎಡಗೈಯಲ್ಲಿ ಇನ್ನೂ ಐವತ್ತು ಎಸೆ" ಎನ್ನುತ್ತಾರೆ. ಎಸೆತದ ಬಲದಲ್ಲಿ ಹೆಚ್ಚಿನ ಪಾಲು ಬರುವುದು ಕಾಲು, ಸೊಂಟ, ಬೆನ್ನಿನಿಂದ. ತೋಳು ಆ ಬಲವನ್ನು ಕೊನೆಗೆ ದಾಟಿಸುತ್ತದೆ ಅಷ್ಟೆ. ಕೈ ಬದಲಿಸಿದರೆ ಭುಜಕ್ಕೆ ವಿಶ್ರಾಂತಿ ಸಿಗಬಹುದು. ಬೆನ್ನಿಗೂ ಮಂಡಿಗೂ ಸಿಗುವುದಿಲ್ಲ.

ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಮೃದುವಾದ ಬೆಳವಣಿಗೆಯ ಪಟ್ಟಿ ಇರುತ್ತದೆ. ಅತಿಯಾಗಿ ಎಸೆದರೆ ಮೊದಲು ನೋಯುವುದು ಅದೇ. ಅಮೆರಿಕದ ಬೇಸ್‌ಬಾಲಿನಲ್ಲಿ ಇದಕ್ಕೆಂದೇ ಮಿತಿ ಹಾಕಿದ್ದಾರೆ: 9–10 ವರ್ಷದವರಿಗೆ ದಿನಕ್ಕೆ 75, 11–12 ವರ್ಷದವರಿಗೆ 85 ಎಸೆತ, ಅದಕ್ಕಿಂತ ಹೆಚ್ಚಿಲ್ಲ. ಅದೂ ಪಂದ್ಯದ ದಿನದ ಗರಿಷ್ಠ ಮಿತಿ, ದಿನನಿತ್ಯದ ಗುರಿಯಲ್ಲ. ಡಿಸ್ಕಿಗೂ ನಾನು ಹೇಳುವುದು, ಎರಡು ಕೈ ಸೇರಿಸಿಯೇ ಲೆಕ್ಕ ಇಡಿ, ವಾರಕ್ಕೆ ಎರಡು ದಿನ ಪೂರ್ತಿ ರಜೆ ಕೊಡಿ. ಎಸೆಯುವಾಗ ಭುಜ ಅಥವಾ ಮೊಣಕೈ ನೋವು ಎಂದು ಮಗು ಹೇಳಿದರೆ ಅಂದಿಗೆ ಆಟ ಬಂದ್. ಒಂದು ವಾರ ಕಳೆದರೂ ಹೋಗದಿದ್ದರೆ ಮೂಳೆ ತಜ್ಞರು ನೋಡಲಿ. ಮುಲಾಮು ಹಚ್ಚಿ ಆಡಿಸಬೇಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯ ನೆಲ ಪಾಚಿ ಕಟ್ಟಿರುತ್ತದೆ. ಓಡಿಬಂದು ಎಸೆಯುವುದು ಬೇಡ, ನಿಂತೇ ಎಸೆಯಲಿ. ಅಕ್ಟೋಬರ್ ಬಿಸಿಲಿನಲ್ಲಿ ಬೆಳಗ್ಗೆ ಬೇಗ ಆಡಿ, ನೀರು ಜೊತೆಯಲ್ಲಿರಲಿ.

*7. ಎಸೆಯುವ ಕೈ ಊದಿಕೊಂಡು ನೀಲಿಯಾದರೆ*

ಇದು ಅಪರೂಪ, ಆದರೆ ತಿಳಿದಿರಬೇಕು. ಕಾಲೇಜು ವಯಸ್ಸಿನ ಗಟ್ಟಿಮುಟ್ಟಾದ ಹುಡುಗ ಹುಡುಗಿಯರಲ್ಲೇ ಬರುವುದು ಹೆಚ್ಚು. ತೋಳಿನಿಂದ ಹೃದಯಕ್ಕೆ ಮರಳುವ ದೊಡ್ಡ ಅಭಿಧಮನಿ ಕೊರಳೆಲುಬು ಮತ್ತು ಮೊದಲ ಪಕ್ಕೆಲುಬಿನ ನಡುವಿನ ಇಕ್ಕಟ್ಟಿನಲ್ಲಿ ಹಾದು ಬರುತ್ತದೆ. ಮತ್ತೆ ಮತ್ತೆ ತೋಳು ಬೀಸಿದಾಗ ಅಲ್ಲಿ ಉಜ್ಜಿ ಉಜ್ಜಿ ರಕ್ತ ಹೆಪ್ಪುಗಟ್ಟಬಹುದು. ಪ್ಯಾಜೆಟ್ 1875ರಲ್ಲಿ, ಶ್ರೋಟರ್ 1884ರಲ್ಲಿ ವಿವರಿಸಿದ್ದರಿಂದ ಅವರಿಬ್ಬರ ಹೆಸರಿನಲ್ಲೇ ಇದನ್ನು ಕರೆಯುತ್ತಾರೆ.

ಲಕ್ಷಣ: ಎಸೆಯುವ ತೋಳು ಒಂದೆರಡು ದಿನದಲ್ಲಿ ಊದಿ ಭಾರವಾಗುವುದು, ನೀಲಿ ಅಥವಾ ಕೆನ್ನೀಲಿ ಬಣ್ಣ, ಭುಜದ ಮೇಲೆ ನರಗಳು ಎದ್ದು ಕಾಣುವುದು. ಸ್ನಾಯು ಉಳುಕಿದರೆ ಇಡೀ ತೋಳು ನೀಲಿಯಾಗುವುದಿಲ್ಲ. ಎಣ್ಣೆ ಹಚ್ಚಿ ತಿಕ್ಕಬೇಡಿ. ಆ ದಿನವೇ ಆಸ್ಪತ್ರೆಗೆ ಹೋಗಿ ಡಾಪ್ಲರ್ ಸ್ಕ್ಯಾನ್ ಮಾಡಿಸಿ. ಹೆಪ್ಪು ಶ್ವಾಸಕೋಶಕ್ಕೆ ಜಾರಿದರೆ ಅಪಾಯ. ಬೇಗ ಬಂದಷ್ಟೂ ತೋಳು ಮೊದಲಿನಂತಾಗುವ ಸಾಧ್ಯತೆ ಹೆಚ್ಚು.

*8. ಅಪ್ಪನ ಎಡತೋಳು*

ಈಗ ಎರಡನೆಯ ಪ್ರಶ್ನೆಗೆ ಬರೋಣ. ಸಂದೇಶ ಕಳಿಸಿದ ತಂದೆಗೆ 46 ವರ್ಷ, ಐದು ವರ್ಷದಿಂದ ಸಕ್ಕರೆ ಕಾಯಿಲೆ. ನಾನು ಅವರಿಗೆ ಮಗನ ಕೈಯ ವಿಷಯ ಹೇಳುವ ಮೊದಲು ಹೇಳಿದ್ದು "ಈಗಲೇ ಬಂದು ಇಸಿಜಿ ಮಾಡಿಸಿ" ಎಂದು. ಇಸಿಜಿ ಸರಿ ಇತ್ತು, ರಕ್ತದ ಟ್ರೋಪೋನಿನ್ ಪರೀಕ್ಷೆ ಎರಡು ಸಲವೂ ಸರಿ ಬಂತು. ನೋವು ಭುಜದ್ದೇ ಆಗಿತ್ತು. ಆದರೆ ಬಿಪಿ 164/102 ಇತ್ತು, ಅವರಿಗೆ ಅದರ ಸುಳಿವೇ ಇರಲಿಲ್ಲ. ಡಿಸ್ಕ್ ಎಸೆಯದಿದ್ದರೆ ಆ ಬಿಪಿ ಇನ್ನೆಷ್ಟು ವರ್ಷ ಗುಟ್ಟಾಗಿರುತ್ತಿತ್ತೋ.

ನಾವು ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬೇರೆಯವರಿಗಿಂತ ಸರಾಸರಿ 5–6 ವರ್ಷ ಮೊದಲೇ ಆಗುತ್ತದೆ ಎಂದು 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನ ತೋರಿಸಿದೆ. ಆದ್ದರಿಂದ "ಇನ್ನೂ ನಲವತ್ತಾರು, ಇದು ಮಸಲ್ ಪೇನ್" ಎಂದು ತಳ್ಳಿಹಾಕುವ ಸೌಲಭ್ಯ ನಮಗಿಲ್ಲ.

*ಸ್ನಾಯುವಿನ ನೋವು ಸಾಮಾನ್ಯವಾಗಿ:* ಒಂದೇ ಜಾಗವನ್ನು ಬೆರಳಿನಿಂದ ತೋರಿಸಬಹುದು. ಕೈ ಎತ್ತಿದಾಗ, ತಿರುಗಿಸಿದಾಗ ಹೆಚ್ಚುತ್ತದೆ. ಆಟದ ಮರುದಿನ ಜಾಸ್ತಿ, ಆಮೇಲೆ ಇಳಿಯುತ್ತದೆ.

*ಹೃದಯದ ನೋವು ಸಾಮಾನ್ಯವಾಗಿ:* ಹಿಂಡಿದಂತೆ, ಭಾರ ಇಟ್ಟಂತೆ, ಎದೆಯಿಂದ ತೋಳು, ದವಡೆ, ಬೆನ್ನಿಗೆ ಹರಡುತ್ತದೆ. ನಡೆದಾಗ, ಮೆಟ್ಟಿಲು ಹತ್ತಿದಾಗ ಬರುತ್ತದೆ, ನಿಂತರೆ ಇಳಿಯುತ್ತದೆ. ಕೈಯ ಚಲನೆಗೂ ಅದಕ್ಕೂ ಸಂಬಂಧವಿರುವುದಿಲ್ಲ. ಬೆವರು, ಉಬ್ಬಸ, ವಾಕರಿಕೆ ಜೊತೆಗಿರಬಹುದು.

ಇದರಲ್ಲಿ ಮೂರು ಮಾತು ನೆನಪಿಡಿ. ಒಂದು, ಹೃದಯದ ನೋವು ಎಡತೋಳಿಗೇ ಬರಬೇಕೆಂದಿಲ್ಲ. ಬಲತೋಳಿಗೆ ಅಥವಾ ಎರಡೂ ತೋಳಿಗೆ ಹರಡಿದರೆ ಅನುಮಾನ ಇನ್ನೂ ಹೆಚ್ಚಬೇಕು. "ನಾನು ಬಲಗೈಯಲ್ಲಿ ಎಸೆದೆ, ಬಲಗೈ ನೋಯುತ್ತಿದೆ, ಹಾರ್ಟಿನದಲ್ಲ" ಎಂಬ ತರ್ಕ ತಪ್ಪು. ಎರಡು, ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ, ವಯಸ್ಸಾದವರಿಗೆ ನೋವೇ ಇಲ್ಲದೆ ಬರೀ ಉಸಿರು ಕಟ್ಟುವುದು, ತಡೆಯಲಾರದ ಸುಸ್ತು ಬರಬಹುದು. ಮೂರು, ಮನೆಯಲ್ಲಿ ಒತ್ತಿ ನೋಡಿ ತೀರ್ಮಾನ ಮಾಡುವುದು ಸಾಧ್ಯವಿಲ್ಲ. ಸಂಶಯ ಬಂದರೆ ಇಸಿಜಿ.

🚨 ಎದೆಭಾರ ಅಥವಾ ತೋಳುನೋವು ಬೆವರು, ಉಬ್ಬಸದೊಂದಿಗೆ ಬಂದರೆ 108ಕ್ಕೆ ಕರೆ ಮಾಡಿ (ಅಮೆರಿಕದಲ್ಲಿದ್ದರೆ 911). ಸ್ವತಃ ಕಾರು ಓಡಿಸಬೇಡಿ. ಸಂಜೆಯ ಜೋಗೇಶ್ವರಿ–ವಿಕ್ರೋಲಿ ಲಿಂಕ್ ರೋಡ್ ಹೇಗಿರುತ್ತದೆ ಎಂದು ಪವಾಯಿಯವರಿಗೆ ಹೇಳಬೇಕಾಗಿಲ್ಲ. ಪರಿಚಯದ ಡಾಕ್ಟರು ಇದ್ದಾರೆಂದು ಊರಾಚೆಗೆ ಹೋಗಬೇಡಿ. ದಿನವಿಡೀ ಆಂಜಿಯೋಪ್ಲಾಸ್ಟಿ ಸೌಲಭ್ಯವಿರುವ ಹತ್ತಿರದ ಆಸ್ಪತ್ರೆ ಯಾವುದೆಂದು ಇವತ್ತೇ ತಿಳಿದುಕೊಂಡು ಫ್ರಿಜ್ ಮೇಲೆ ಬರೆದು ಅಂಟಿಸಿ. ಊರಿನಿಂದ ಬಂದ ಅಪ್ಪ ಅಮ್ಮನಿಗೆ ಭಾಷೆ ಬಾರದು, ದಾರಿ ತಿಳಿಯದು. ಆ ಚೀಟಿ ಅವರ ಪ್ರಾಣ ಉಳಿಸಬಹುದು.

ಸಕ್ಕರೆ ಕಾಯಿಲೆಯವರಿಗೆ ಇನ್ನೊಂದು ಮಾತು: ನಿಮ್ಮಲ್ಲಿ ಭುಜ ಬಿಗಿದುಕೊಳ್ಳುವುದು (ಫ್ರೋಜನ್ ಶೋಲ್ಡರ್) ಹೆಚ್ಚು. ತಲೆ ಬಾಚಲು, ಬೆನ್ನ ಹಿಂದೆ ಕೈ ಒಯ್ಯಲು ಕಷ್ಟವಾದರೆ ಎಸೆತ ನಿಲ್ಲಿಸಿ ತೋರಿಸಿ.

*9. ನಿಮ್ಮ ಕೈ ಯಾವುದೆಂದು ವೈದ್ಯರಿಗೆ ಹೇಳಿ*

ಆಸ್ಪತ್ರೆಯಲ್ಲಿ "ನೀವು ಯಾವ ಕೈಯವರು?" ಎಂದು ಕೇಳದಿದ್ದರೂ ನೀವೇ ಹೇಳಬೇಕಾದ ಸಂದರ್ಭಗಳಿವೆ.

✋ *ಬಿಪಿ:* ಮೊದಲ ಸಲ ಎರಡೂ ತೋಳಿನಲ್ಲಿ ಅಳೆಸಿ. 10ರೊಳಗಿನ ವ್ಯತ್ಯಾಸ ಸಹಜ. ಹೆಚ್ಚು ತೋರಿಸಿದ ತೋಳಿನಲ್ಲೇ ಮುಂದೆ ಅಳೆಯಬೇಕು. ಮೇಲಿನ ಅಂಕಿಯಲ್ಲಿ ಪ್ರತಿಸಲವೂ 15ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ರಕ್ತನಾಳ ಕಿರಿದಾಗಿರಬಹುದು, ವೈದ್ಯರ ಗಮನಕ್ಕೆ ತನ್ನಿ. ಎಸೆದು ಬಂದ ತಕ್ಷಣ ಅಳೆಯಬೇಡಿ.

✋ *ಆಂಜಿಯೋಗ್ರಾಂ:* ಈಗ ಹೆಚ್ಚಾಗಿ ಮಣಿಕಟ್ಟಿನಿಂದ ಮಾಡುತ್ತೇವೆ, ಸಾಮಾನ್ಯವಾಗಿ ಬಲ ಮಣಿಕಟ್ಟು. ಕಾರಣ, ವೈದ್ಯರು ನಿಲ್ಲುವುದು ರೋಗಿಯ ಬಲಬದಿಗೆ. ನಿಮ್ಮ ದುಡಿಮೆ ಬಲಗೈಯ ಮೇಲೇ ನಿಂತಿದ್ದರೆ ಮೊದಲೇ ಹೇಳಿ, ಅನೇಕರಿಗೆ ಎಡದಿಂದಲೂ ಸಾಧ್ಯ. ಆಮೇಲೆ ಕೆಲವು ದಿನ ಆ ಕೈಗೆ ಭಾರವೂ ಬೇಡ, ಎಸೆತವೂ ಬೇಡ.

✋ *ಪೇಸ್‌ಮೇಕರ್:* ಸಾಮಾನ್ಯವಾಗಿ ಎಡ ಎದೆಯ ಮೇಲ್ಭಾಗದಲ್ಲಿ ಇಡುತ್ತೇವೆ. ಅದರ ತಂತಿಗಳು ಕೊರಳೆಲುಬಿನ ಅಡಿಯಲ್ಲಿ ಹಾದುಹೋಗುತ್ತವೆ. ವರ್ಷಗಟ್ಟಲೆ ಆ ಬದಿಯ ತೋಳನ್ನು ಜೋರಾಗಿ ಬೀಸಿದರೆ ತಂತಿ ಸವೆಯಬಹುದು. ಎಡಗೈಯಲ್ಲಿ ಆಡುವವರು, ಎಡಗೈಯಲ್ಲಿ ಸುತ್ತಿಗೆ ಹಿಡಿಯುವವರು ಮೊದಲೇ ತಿಳಿಸಿದರೆ ಬಲಬದಿಗೆ ಇಡುವ ಬಗ್ಗೆ ಯೋಚಿಸಬಹುದು. ಎರಡೂ ಕೈ ಬರುವವರು ಅದೃಷ್ಟವಂತರು. ಪೇಸ್‌ಮೇಕರ್ ಇಲ್ಲದ ಬದಿಯ ಕೈಯನ್ನೇ ಎಸೆಯುವ ಕೈ ಮಾಡಿಕೊಳ್ಳಿ. ಹೊಸದಾಗಿ ಇಟ್ಟಾಗ 4ರಿಂದ 6 ವಾರ ಆ ತೋಳು ಭುಜಕ್ಕಿಂತ ಮೇಲೆ ಹೋಗಬಾರದು.

✋ *ಡಯಾಲಿಸಿಸ್:* ಫಿಸ್ಟುಲಾವನ್ನು ಕಡಿಮೆ ಬಳಸುವ ಕೈಯಲ್ಲೇ ಮಾಡುತ್ತಾರೆ. ಆ ಕೈಯಲ್ಲಿ ಬಿಪಿ, ಸೂಜಿ, ಎಸೆತ ಯಾವುದೂ ಬೇಡ.

*10. ದೊಡ್ಡವರು ಆಡುವ ಮೊದಲು*

ಮಕ್ಕಳ ಜೊತೆ ಆಡಿ, ಖಂಡಿತ ಆಡಿ. ಆದರೆ ನಲವತ್ತು ದಾಟಿದ್ದು ಸಕ್ಕರೆ, ಬಿಪಿ, ಧೂಮಪಾನ, ಮನೆತನದಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತ ಇವುಗಳಲ್ಲಿ ಒಂದಿದ್ದರೂ ಮೊದಲು ತಪಾಸಣೆ ಮಾಡಿಸಿ. ಎರಡು ವಾರ ಬರೀ ನಡೆಯಿರಿ. ಆಮೇಲೆ ನಿಂತು ಮೆಲ್ಲಗೆ ಎಸೆಯಿರಿ. ಮಗನಿಗಿಂತ ದೂರ ಎಸೆಯುವ ಹಟ ಮೊದಲ ತಿಂಗಳು ಬೇಡ.

ಕೊನೆಯದಾಗಿ, ಮಗುವಿನ ಕೈಯನ್ನು ಎರಡು ವಾರ ಅಳೆಯುತ್ತೀರಲ್ಲ, ಅದೇ ಎರಡು ವಾರದಲ್ಲಿ ಮನೆಯ ದೊಡ್ಡವರ ಎರಡೂ ತೋಳಿನ ಬಿಪಿಯನ್ನೂ ಒಮ್ಮೆ ಅಳೆಸಿ, ಅದೇ ನೋಟ್‌ಬುಕ್ಕಿನ ಮುಂದಿನ ಪುಟದಲ್ಲಿ ಬರೆದಿಡಿ.

ಇದು ಸಾಮಾನ್ಯ ತಿಳಿವಳಿಕೆಗಾಗಿ ಬರೆದದ್ದು, ನಿಮ್ಮ ವೈದ್ಯರ ಸಲಹೆಗೆ ಬದಲಿಯಲ್ಲ. ಎರಡೂ ಕೈ ಬಳಸುವ ಮಗುವಿರುವ ಮನೆಗೂ, ತೋಳುನೋವೆಂದು ಮುಲಾಮು ಹಚ್ಚಿಕೊಂಡು ಕೂತಿರುವ ಗೆಳೆಯರಿಗೂ ತಲುಪಿಸಿ. 🙏